ಮನೆಯ ಕಂಪ್ಯೂಟರಿಗೆ ಯಾವ ಕಾವಲು?

"ಉಸ್ತಾದರೇ, ಯಾವ ಆಂಟಿವೈರಸ್ ಹಾಕಿಸಿದರೆ ಒಳ್ಳೆಯದು?" ಜುಮಾ ಮುಗಿದು ಮೆಟ್ಟಿಲಿಳಿಯುವಾಗ ಈ ಪ್ರಶ್ನೆ ಕೇಳುವವರು ಈಗೀಗ ಹೆಚ್ಚಾಗಿದ್ದಾರೆ. ಮದ್ರಸದ ಕಂಪ್ಯೂಟರ್, ಜಮಾಅತಿನ ಲೆಕ್ಕಪತ್ರ, ನಿಕಾಹ್ ರಿಜಿಸ್ಟರಿನ ಪ್ರತಿ ಎಲ್ಲವೂ ನನ್ನ ಸುಪರ್ದಿಯಲ್ಲಿರುವುದರಿಂದ ನನಗೆ ಇದು ಗೊತ್ತಿರಬಹುದೆಂದು ಅವರ ಎಣಿಕೆ. ನಾನು ಕಂಪ್ಯೂಟರ್ ಇಂಜಿನಿಯರ್ ಅಲ್ಲ. ಆದರೆ ಇತರರ ದಾಖಲೆಗಳನ್ನು ಕಾಯುವ ಹೊಣೆ ಹೊತ್ತವನು ತಿಳಿದುಕೊಳ್ಳಲೇಬೇಕಾದಷ್ಟನ್ನು ಕೇಳಿ, ಓದಿ, ಮಾಡಿ ತಿಳಿದುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ನಿಮ್ಮ ಕಂಪ್ಯೂಟರಿನಲ್ಲಿ ಅಸಲಿ ವಿಂಡೋಸ್ 10 ಅಥವಾ 11 ಇದ್ದರೆ, ಅದರೊಳಗೆ ಮೈಕ್ರೋಸಾಫ್ಟ್ ಡಿಫೆಂಡರ್ ಎಂಬ ಆಂಟಿವೈರಸ್ ಮೊದಲೇ ಇದೆ. ಅದಕ್ಕೆ ಪ್ರತ್ಯೇಕ ಹಣ ಕೊಡಬೇಕಾಗಿಲ್ಲ. ಸಾಮಾನ್ಯ ಕುಟುಂಬಕ್ಕೆ ಅದು ಸಾಕು. ಹೀಗೆಂದಾಗ ಕೆಲವರ ಮುಖದಲ್ಲಿ ನಿರಾಸೆ ಕಾಣುತ್ತದೆ. ಹಣ ಕೊಟ್ಟು ಡಬ್ಬಿಯಲ್ಲಿ ತಂದರೆ ಮಾತ್ರ ಕಾವಲು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಮನೆಯ ಕಂಪ್ಯೂಟರ್ ಹಾಳಾಗುವುದು ಕಾವಲುಗಾರನಿಲ್ಲದ ಕಾರಣಕ್ಕಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಮನೆಯವರೇ ಬಾಗಿಲು ತೆರೆದು ಕಳ್ಳನನ್ನು ಒಳಗೆ ಕರೆದಿರುತ್ತಾರೆ. ಆದ್ದರಿಂದ ಈ ಲೇಖನದಲ್ಲಿ ಆಂಟಿವೈರಸ್‌ನ ಮಾತು ಸ್ವಲ್ಪ, ಬಾಗಿಲಿನ ಮಾತು ಹೆಚ್ಚು.

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಒಮ್ಮೆ ಯೋಚಿಸಿ ನೋಡಿ. ದುಬೈಯಲ್ಲಿರುವ ಮಗನ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಎಲ್ಲರ ಆಧಾರ್, ಜಾಗದ ಆರ್‌ಟಿಸಿ, ಮಗಳ ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್, ಮದುವೆಯ ಫೋಟೋಗಳು, ಮನೆಯ ಹೆಣ್ಣುಮಕ್ಕಳ ಫೋಟೋಗಳು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು. ಕಂಪ್ಯೂಟರ್ ಕೊಂಡವರು ತಂದೆ ಇರಬಹುದು, ಬಳಸುವವನು ಹತ್ತನೇ ತರಗತಿಯ ಹುಡುಗನಿರಬಹುದು. ಅದರಲ್ಲಿರುವುದು ಮಾತ್ರ ಇಡೀ ಕುಟುಂಬದ ಅಮಾನತ್ತು. ಹುಡುಗ ಒಂದು ಆಟಕ್ಕಾಗಿ ಒತ್ತಿದ ಗುಂಡಿಯ ಬೆಲೆಯನ್ನು ಅಕ್ಕ ತೆರಬೇಕಾಗಿ ಬರಬಹುದು.

ವೈರಸ್ ಎಂದರೆ ಆಕಾಶದಿಂದ ಬೀಳುವ ರೋಗವಲ್ಲ, ಮನುಷ್ಯರು ಬರೆದ ಪ್ರೋಗ್ರಾಮ್. ಐಬಿಎಂ ಮಾದರಿಯ ಕಂಪ್ಯೂಟರುಗಳ ಮೊದಲ ವೈರಸ್ ಎಂದು ಹೆಸರಾದದ್ದು 1986ರ 'ಬ್ರೈನ್'. ಬರೆದವರು ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು. ತಾವು ಮಾಡಿದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುತ್ತಾರೆಂಬ ಸಿಟ್ಟಿಗೆ ಅದನ್ನು ಬರೆದರಂತೆ. ಅದರೊಳಗೆ ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನೂ ಇಟ್ಟಿದ್ದರು! ಫ್ಲಾಪಿಯಿಂದ ಫ್ಲಾಪಿಗೆ ಹಬ್ಬಿದ ಅದು ಸಮುದ್ರ ದಾಟಿತು. ಇಂದಿನವರು ವಿಳಾಸ ಇಟ್ಟು ಹೋಗುವುದಿಲ್ಲ. ಇಂದು ವೈರಸ್ ಬರೆಯುವುದು ಸಿಟ್ಟಿಗಲ್ಲ, ದುಡ್ಡಿಗೆ.

ಆಂಟಿವೈರಸ್ ಕೆಲಸ ಮಾಡುವ ರೀತಿಯನ್ನು ಚೆಕ್‌ಪೋಸ್ಟಿನ ಪೊಲೀಸರಿಗೆ ಹೋಲಿಸಬಹುದು. ಅವರ ಕೈಯಲ್ಲಿ ಬೇಕಾದವರ ಫೋಟೋಗಳ ಪಟ್ಟಿ ಇರುತ್ತದೆ. ಬಂದ ಪ್ರತಿ ಫೈಲಿನ ಮುಖವನ್ನು ಆ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಪಟ್ಟಿ ಹಳತಾದರೆ ಹೊಸ ಕಳ್ಳ ಸಲಾಂ ಹೇಳಿಕೊಂಡೇ ದಾಟಿಹೋಗುತ್ತಾನೆ. ಅದಕ್ಕೇ ಪಟ್ಟಿ ದಿನಕ್ಕೆ ಹಲವು ಬಾರಿ ಇಂಟರ್‌ನೆಟ್ಟಿನಿಂದ ಹೊಸದಾಗಬೇಕು. ಇದರ ಜೊತೆಗೆ ಇಂದಿನ ಆಂಟಿವೈರಸ್‌ಗಳು ನಡವಳಿಕೆಯನ್ನೂ ಗಮನಿಸುತ್ತವೆ. ಯಾವುದೋ ಪ್ರೋಗ್ರಾಮ್ ಒಂದೇ ನಿಮಿಷದಲ್ಲಿ ನೂರಾರು ಫೋಟೋಗಳನ್ನು ಬದಲಾಯಿಸತೊಡಗಿದರೆ, ಅದರ ಮುಖ ಪಟ್ಟಿಯಲ್ಲಿ ಇಲ್ಲದಿದ್ದರೂ ತಡೆಯಲು ನೋಡುತ್ತವೆ. ಡಿಫೆಂಡರ್ ಈ ಎರಡೂ ಕೆಲಸ ಮಾಡುತ್ತದೆ. ಆಂಟಿವೈರಸ್‌ಗಳನ್ನು ಪರೀಕ್ಷಿಸಿ ಅಂಕ ಕೊಡುವ ಸ್ವತಂತ್ರ ಸಂಸ್ಥೆಗಳಿವೆ: ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್. ಹಲವು ವರ್ಷಗಳಿಂದ ಅವುಗಳ ಪರೀಕ್ಷೆಗಳಲ್ಲಿ ಡಿಫೆಂಡರ್ ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲೇ ನಿಲ್ಲುತ್ತಿದೆ.

ಹಾಗಾದರೆ ಹಣ ಕೊಟ್ಟು ಕೊಳ್ಳುವುದು ವ್ಯರ್ಥವೇ? ಹಾಗೇನೂ ಇಲ್ಲ. ಮನೆಯಲ್ಲೇ ಲೆಕ್ಕಪತ್ರದ ವ್ಯವಹಾರ ಮಾಡುವವರು, ಏನಾದರೂ ಆದರೆ ಫೋನ್ ಮಾಡಿ ಕೇಳಲು ಒಬ್ಬರು ಬೇಕು ಎನ್ನುವವರು ಕೊಳ್ಳಲಿ. ಪುಣೆಯ ಕ್ವಿಕ್ ಹೀಲ್, ಚೆನ್ನೈಯ ಕೆ7 ನಮ್ಮ ದೇಶದವೇ ಆದ ಹಳೆಯ ಕಂಪೆನಿಗಳು. ಕೊಳ್ಳುವುದಾದರೆ ಒಂದನ್ನು ಮಾತ್ರ ಕೊಳ್ಳಿ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದರೆ ಒಂದನ್ನೊಂದು ಕಳ್ಳನೆಂದು ತಿಳಿದು ಕಚ್ಚಾಡುತ್ತವೆ, ಕಂಪ್ಯೂಟರ್ ಏದುಸಿರು ಬಿಡುತ್ತದೆ. ಬೇರೊಂದು ಕಂಪೆನಿಯದ್ದನ್ನು ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಇಲ್ಲೊಂದು ಎಚ್ಚರ ಬೇಕು. ಹೊಸ ಲ್ಯಾಪ್‌ಟಾಪಿನೊಂದಿಗೆ ಕೆಲವು ದಿನಗಳ ಉಚಿತ ಆಂಟಿವೈರಸ್ ಬಂದಿರುತ್ತದೆ. ಅವಧಿ ಮುಗಿದ ಮೇಲೆ ಅದು ಕೆಲಸ ಮಾಡುವುದಿಲ್ಲ, ಹಣ ಕಟ್ಟಿ ಎಂದು ದಿನಾಲೂ ಹೆದರಿಸುವುದೊಂದೇ ಅದರ ಕೆಲಸ. ಕೊಳ್ಳುವ ಇರಾದೆ ಇಲ್ಲದಿದ್ದರೆ ಅದನ್ನು ಪೂರ್ತಿ ತೆಗೆದುಹಾಕಿ. ಬಳಿಕ ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಸೆಕ್ಯುರಿಟಿ' ತೆರೆದು, ಎಲ್ಲ ಕಡೆ ಹಸಿರು ಗುರುತು ಇದೆಯೇ ಎಂದು ನೋಡಿ.

'ಉಚಿತ' ಎಂಬ ಮಾತಿನ ಬಗ್ಗೆಯೂ ಹೇಳಲೇಬೇಕು. ಅವಾಸ್ಟ್ ಎಂಬುದು ಲೋಕಪ್ರಸಿದ್ಧ ಉಚಿತ ಆಂಟಿವೈರಸ್. ನಮ್ಮ ಊರುಗಳಲ್ಲೂ ಬಹಳ ಕಂಪ್ಯೂಟರುಗಳಲ್ಲಿ ಇತ್ತು. ಅದು ತನ್ನ ಬಳಕೆದಾರರು ಯಾವ ಯಾವ ವೆಬ್‌ಸೈಟ್ ನೋಡುತ್ತಾರೆ ಎಂಬ ಮಾಹಿತಿಯನ್ನು ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ವಿಷಯ ಬಯಲಾದಾಗ 2020ರಲ್ಲಿ ಜಂಪ್‌ಶಾಟನ್ನು ಮುಚ್ಚಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪ್ರಕರಣದಲ್ಲಿ 1 ಕೋಟಿ 65 ಲಕ್ಷ ಡಾಲರ್ ಕಟ್ಟುವಂತೆ ಹೇಳಿತು. ಆ ಮಾಹಿತಿಯಿಂದ ಒಬ್ಬನ ಧರ್ಮ, ಕಾಯಿಲೆ, ರಾಜಕೀಯ ಒಲವು, ಹಣಕಾಸಿನ ಸ್ಥಿತಿಯನ್ನೂ ತಿಳಿಯಬಹುದಾಗಿತ್ತು ಎಂಬುದು ಕಮಿಷನ್ನಿನ ಆಕ್ಷೇಪ. ಕಾವಲಿಗೆಂದು ಇಟ್ಟುಕೊಂಡವನೇ ಮನೆಯೊಳಗಿನ ಮಾತನ್ನು ಬೀದಿಯಲ್ಲಿ ಮಾರಿದ ಹಾಗೆ ಇದು. ಹೊಸದೊಂದು ಉಚಿತ ಸಾಫ್ಟ್‌ವೇರ್ ಹಾಕುವ ಮುನ್ನ, ಇದನ್ನು ಮಾಡಿದವರ ಹೊಟ್ಟೆ ಯಾವುದರಿಂದ ತುಂಬುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಬಾಗಿಲಿನ ಮಾತು. ನಮ್ಮ ಮನೆಗಳಲ್ಲಿ ಅತಿ ದೊಡ್ಡದಾಗಿ ತೆರೆದಿರುವ ಬಾಗಿಲು 'ಕ್ರ್ಯಾಕ್'. ಹಣ ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರಿನ ಬೀಗ ಮುರಿದ ಪ್ರತಿಗೆ ಹಾಗೆನ್ನುತ್ತಾರೆ. ಕೆಲವು ನೂರು ರೂಪಾಯಿಗೆ ವಿಂಡೋಸ್, ಆಫೀಸ್, ಫೋಟೋಶಾಪ್ ಎಲ್ಲ ಹಾಕಿಕೊಡುವವರು ಪ್ರತಿ ಪೇಟೆಯಲ್ಲೂ ಇದ್ದಾರೆ. ಹುಡುಗರು ಯೂಟ್ಯೂಬ್ ನೋಡಿ ತಾವೇ ಇಳಿಸಿಕೊಳ್ಳುತ್ತಾರೆ. ಆ ವೀಡಿಯೋಗಳಲ್ಲಿ ಹೇಳಿಕೊಡುವ ಮೊದಲ ಪಾಠವೇ 'ಆಂಟಿವೈರಸ್ ಆಫ್ ಮಾಡಿ' ಎಂಬುದು. ಫೈಲು ಜಿಪ್ ಆಗಿ, ಪಾಸ್‌ವರ್ಡ್ ಹಾಕಿಕೊಂಡು ಬರುತ್ತದೆ. ಪಾಸ್‌ವರ್ಡ್ 1234 ಎಂದು ಪಕ್ಕದಲ್ಲೇ ಬರೆದಿರುತ್ತಾರೆ. ಎಲ್ಲರಿಗೂ ಕಾಣುವ ಹಾಗೆ ಬರೆದ ಮೇಲೆ ಪಾಸ್‌ವರ್ಡ್ ಯಾಕೆ? ಅದು ನಿಮ್ಮನ್ನು ತಡೆಯಲಿಕ್ಕಲ್ಲ, ಆಂಟಿವೈರಸ್ ಒಳಗೆ ಇಣುಕಿ ನೋಡದಂತೆ ತಡೆಯಲಿಕ್ಕೆ. ಗೂರ್ಖಾನನ್ನು ಮಲಗಿಸಿ ಚೀಲವನ್ನು ಒಳಗೆ ತರುವವನು ಅದರಲ್ಲಿ ಏನು ತಂದಾನು?

ನಮ್ಮ ಮಹಲ್ಲದ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಮನೆಯವರ ಒಪ್ಪಿಗೆಯಿಂದಲೇ. ತಮ್ಮ ಒಂದು ಆಟದ ಕ್ರ್ಯಾಕ್ ಹಾಕಿದ. ಮರುದಿನ ಬೆಳಗ್ಗೆ ಅಕ್ಕ ಡಿಗ್ರಿಯ ಕೊನೆಯ ವರ್ಷದ ಪ್ರಾಜೆಕ್ಟ್ ತೆರೆಯಲು ಹೋದರೆ ಒಂದು ಫೈಲೂ ತೆರೆಯಲಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಯಲ್ಲಿ ನಾಲ್ಕು ಅಕ್ಷರಗಳ ಅರ್ಥವಿಲ್ಲದ ಬಾಲ. ಜೊತೆಗೊಂದು ಚೀಟಿ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ಇಷ್ಟು ಡಾಲರ್ ಕೊಡಿ. ಇದಕ್ಕೆ ರಾನ್ಸಮ್‌ವೇರ್ ಎನ್ನುತ್ತಾರೆ, ಅಂದರೆ ಒತ್ತೆಹಣ ಕೇಳುವ ವೈರಸ್. 'ಸ್ಟಾಪ್' ಅಥವಾ 'ಡಿಜೆವಿಯು' ಎಂದು ಹೆಸರಾದ ಇಂಥದ್ದೊಂದು ಬಗೆ ದೊಡ್ಡ ಕಂಪೆನಿಗಳನ್ನು ಬಿಟ್ಟು ಮನೆಯ ಕಂಪ್ಯೂಟರುಗಳನ್ನೇ ಹಿಡಿಯುತ್ತದೆ, ಹಬ್ಬುವುದು ಮುಖ್ಯವಾಗಿ ಕ್ರ್ಯಾಕ್‌ಗಳ ಮೂಲಕವೇ. ಆ ಮನೆಯಲ್ಲಿ ಪ್ರಾಜೆಕ್ಟಿನ ಒಂದು ಹಳೆಯ ಪ್ರತಿ ಗೆಳತಿಯ ಇಮೇಲಿನಲ್ಲಿ ಸಿಕ್ಕಿತು. ತೀರಿಕೊಂಡ ಅಜ್ಜಿಯ ಫೋಟೋಗಳು ಸಿಗಲಿಲ್ಲ. ಹುಡುಗನಿಗೆ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಅವನು ಹಲವು ದಿನ ಊಟದ ಹೊತ್ತಿಗೆ ಎಲ್ಲರೊಂದಿಗೆ ಕೂರಲಿಲ್ಲ ಎಂದು ಅವನ ಉಮ್ಮ ಹೇಳಿದರು.

ರಾನ್ಸಮ್‌ವೇರ್ ಬಂದರೆ ಬಂದದ್ದಾದರೂ ಗೊತ್ತಾಗುತ್ತದೆ. ಇನ್ನೊಂದು ಬಗೆ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತದೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, 'ಈಗಾಗಲೇ ಲಾಗಿನ್ ಆಗಿದ್ದಾರೆ' ಎಂಬ ಗುರುತಿನ ಚೀಟಿಯನ್ನೂ ಬಾಚಿಕೊಂಡು ಹೊರಗೆ ಕಳಿಸುತ್ತದೆ. ಆ ಚೀಟಿಗೆ ಕುಕ್ಕಿ ಎಂದು ಹೆಸರು. ಅದು ಕೈಗೆ ಸಿಕ್ಕರೆ ಕಳ್ಳನಿಗೆ ಎಷ್ಟೋ ಸಲ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನಿಮ್ಮ ಇಮೇಲ್ ತೆರೆದೇ ಇರುತ್ತದೆ. ರೆಡ್‌ಲೈನ್ ಎಂಬ ಇಂಥ ಕಳ್ಳ ಪ್ರೋಗ್ರಾಮಿನ ಜಾಲವನ್ನು ನೆದರ್‌ಲ್ಯಾಂಡ್ಸಿನ ಪೊಲೀಸರು ಅಮೆರಿಕದವರೊಂದಿಗೆ ಸೇರಿ 2024ರ ಅಕ್ಟೋಬರಿನಲ್ಲಿ ಮುರಿದರು. ಒಂದು ಹೋದರೆ ಮತ್ತೊಂದು ಬರುತ್ತದೆ.

"ಇಷ್ಟು ದೊಡ್ಡ ಕಂಪೆನಿಯ ಸಾಫ್ಟ್‌ವೇರನ್ನು ನಾವು ನಕಲು ಮಾಡಿದರೆ ಅವರಿಗೇನು ನಷ್ಟ?" ಎಂದು ಯುವಕರು ನನ್ನಲ್ಲಿ ಕೇಳುವುದುಂಟು. ಇದು ಇಮಾಮನನ್ನು ಕೇಳಬೇಕಾದ ಪ್ರಶ್ನೆಯೇ. 1988ರಲ್ಲಿ ಕುವೈತ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಕೃತಿಸ್ವಾಮ್ಯ ಮತ್ತು ಪೇಟೆಂಟ್‌ನಂತಹ ಹಕ್ಕುಗಳು ಅವುಗಳ ಒಡೆಯರ ಸೊತ್ತು, ಅವುಗಳ ಮೇಲೆ ಅತಿಕ್ರಮಣ ಸಲ್ಲದು ಎಂದು ತೀರ್ಮಾನಿಸಿದೆ. ಕಂಪೆನಿ ದೊಡ್ಡದೆಂದು ಸೊತ್ತಿನ ಹಕ್ಕು ಸಣ್ಣದಾಗುವುದಿಲ್ಲ. ಅದಿರಲಿ, ಕ್ರ್ಯಾಕ್ ಇಲ್ಲದೆ ನಡೆಯುವುದೇ ಇಲ್ಲ ಎಂಬ ಕಷ್ಟವೂ ಇಂದು ಇಲ್ಲ. ಪತ್ರ, ಲೆಕ್ಕ, ಪ್ರಾಜೆಕ್ಟ್ ವರದಿಗೆ ಲಿಬ್ರೆ ಆಫೀಸ್ ಉಚಿತ. ಫೋಟೋ ತಿದ್ದಲು ಜಿಂಪ್, ವೀಡಿಯೋ ನೋಡಲು ವಿಎಲ್‌ಸಿ ಇವೆ. ಕನ್ನಡ ಟೈಪಿಂಗಿಗೆ ನುಡಿ ಇದೆ. ಇವನ್ನು ಮಾಡಿದವರೇ ಉಚಿತವಾಗಿ ಹಂಚುತ್ತಿದ್ದಾರೆ. ಆಯಾ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲ್ಗಡೆ ಬರುವ ಜಾಹೀರಾತಿನ ಕೊಂಡಿ ನಕಲಿಯವರದ್ದೂ ಆಗಿರಬಹುದು.

ಎರಡನೆಯ ಬಾಗಿಲು ಹಳತಾದ ವಿಂಡೋಸ್. ನೀಲಿ ಪರದೆಯ ಮೇಲೆ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದು ಬಂದಾಗ ನಾವೆಲ್ಲ ಹಲ್ಲು ಕಡಿಯುತ್ತೇವೆ. ಸೆಟ್ಟಿಂಗಿಗೆ ಹೋಗಿ ಅದನ್ನು ನಿಲ್ಲಿಸಿಯೇ ಬಿಡುವವರೂ ಇದ್ದಾರೆ. 2017ರ ಮೇ 12ರಂದು ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಬೀಗ ಹಾಕಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದು ನುಗ್ಗಿದ್ದು ವಿಂಡೋಸ್‌ನಲ್ಲಿದ್ದ ಒಂದು ಬಿರುಕಿನ ಮೂಲಕ. ಆ ಬಿರುಕಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಎಂದರೆ ಎರಡು ತಿಂಗಳು ಸಮಯವಿತ್ತು. ತೇಪೆ ಹಾಕಿಸಿಕೊಂಡವರು ಪಾರಾದರು. ಬೀಳುವ ಮಾಡಿನ ಹಂಚನ್ನು ಮಳೆಗಾಲಕ್ಕೆ ಮುಂಚೆ ಸರಿಪಡಿಸುವ ನಮ್ಮ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾಗಿ ನಿಮ್ಮಲ್ಲಿ ಯಾವ ವಿಂಡೋಸ್ ಇದೆ ಎಂದು ಇಂದೇ ನೋಡಿಕೊಳ್ಳಿ. ವಿಂಡೋಸ್ 7ಕ್ಕೆ ತೇಪೆ ಬರುವುದು 2020ರ ಜನವರಿಯಲ್ಲೇ ನಿಂತಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದರೆ ಮನೆಬಳಕೆಯವರು ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆಗಳು ಸಿಗುವ ವ್ಯವಸ್ಥೆ ಮಾಡಿದ್ದಾರೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಹಳೆಯ ಕಂಪ್ಯೂಟರುಗಳಲ್ಲಿ ಅದು ಇರುವುದಿಲ್ಲ. ಹಾಗೆಂದು ಗುಜರಿಗೆ ಹಾಕಬೇಡಿ. ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಂಡರೆ ಇಂಟರ್‌ನೆಟ್, ಪಾಠ, ಟೈಪಿಂಗ್‌ಗೆ ಹಳೆಯ ಕಂಪ್ಯೂಟರ್ ಇನ್ನೂ ಕೆಲವು ವರ್ಷ ಆರಾಮಾಗಿ ನಡೆಯುತ್ತದೆ. ನಮ್ಮ ಮದ್ರಸದಲ್ಲಿ ಒಂದನ್ನು ಹಾಗೆಯೇ ನಡೆಸುತ್ತಿದ್ದೇವೆ. ಮಕ್ಕಳು ಎರಡೇ ದಿನದಲ್ಲಿ ಒಗ್ಗಿಕೊಂಡರು, ದೊಡ್ಡವರಿಗೆ ಎರಡು ತಿಂಗಳು ಬೇಕಾಯಿತು.

ಖಾತೆಗಳ ವಿಷಯ ಒಂದು ಸಣ್ಣ ಕೆಲಸ, ಲಾಭ ದೊಡ್ಡದು. ಹೊಸ ಕಂಪ್ಯೂಟರಿನಲ್ಲಿ ನಾವು ಮಾಡುವ ಮೊದಲ ಖಾತೆ 'ಅಡ್ಮಿನಿಸ್ಟ್ರೇಟರ್', ಅಂದರೆ ಮನೆಯ ಯಜಮಾನ. ಆ ಖಾತೆಯಲ್ಲಿ ಕೂತವನು ಏನು ಬೇಕಾದರೂ ಹಾಕಬಹುದು, ತೆಗೆಯಬಹುದು. ಎಲ್ಲರೂ ಅದನ್ನೇ ಬಳಸಿದರೆ ವೈರಸ್‌ಗೂ ಯಜಮಾನನ ಅಧಿಕಾರ ಸಿಗುತ್ತದೆ. ಯಜಮಾನನ ಖಾತೆಯನ್ನು ತಂದೆ ಅಥವಾ ತಾಯಿ ಪಾಸ್‌ವರ್ಡ್ ಹಾಕಿ ಇಟ್ಟುಕೊಂಡು, ದಿನಬಳಕೆಗೆ ಎಲ್ಲರಿಗೂ 'ಸ್ಟ್ಯಾಂಡರ್ಡ್' ಖಾತೆ ಮಾಡಿಕೊಡಿ. ನೀವೂ ಅದನ್ನೇ ಬಳಸಿ. ಏನಾದರೂ ಹಾಕಬೇಕಾದಾಗ ಹುಡುಗ ಬಂದು ಪಾಸ್‌ವರ್ಡ್ ಕೇಳುತ್ತಾನೆ. ಆಗ "ಇದೇನು ಮಗನೇ, ಎಲ್ಲಿಂದ ತಂದೆ?" ಎಂದು ಕೇಳುವ ಅವಕಾಶ ನಿಮಗೆ ಸಿಗುತ್ತದೆ. ಆ ಒಂದು ಪ್ರಶ್ನೆ ಹಲವು ಆಂಟಿವೈರಸ್‌ಗಳಿಗಿಂತ ಮೇಲು.

ಫೈಲುಗಳ ಹೆಸರಿನಲ್ಲೂ ಮೋಸವಿದೆ. ಗಲ್ಫ್ ಕೆಲಸದ ಆಫರ್ ಲೆಟರ್, ವೀಸಾದ ಪ್ರತಿ, ಕೊರಿಯರ್ ರಸೀದಿ ಎಂದು ಇಮೇಲಿನಲ್ಲಿ ಬರುವ ಫೈಲು ನೋಡಲು ಪಿಡಿಎಫ್‌ನಂತೆಯೇ ಇರುತ್ತದೆ. ವಿಂಡೋಸ್ ಹೆಸರಿನ ಬಾಲವನ್ನು ಮುಚ್ಚಿಡುವುದರಿಂದ, ಅದರ ಹಿಂದೆ ಇಎಕ್ಸ್‌ಇ ಎಂಬ ನಿಜವಾದ ಬಾಲ ಇರುವುದು ಕಾಣುವುದಿಲ್ಲ. ಇಎಕ್ಸ್‌ಇ ಎಂದರೆ ಓದುವ ಕಾಗದವಲ್ಲ, ಓಡುವ ಪ್ರೋಗ್ರಾಮ್. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬುದಕ್ಕೆ ಗುರುತು ಹಾಕಿದರೆ ಬಾಲ ಕಾಣತೊಡಗುತ್ತದೆ. ಕೆಲಸ ಹುಡುಕುತ್ತಿರುವ ಮಕ್ಕಳಿಗೆ ಇದನ್ನು ತೋರಿಸಿಕೊಡಿ. ಆಸೆಯಲ್ಲಿರುವವನ ಬೆರಳು ಬೇಗ ಒತ್ತುತ್ತದೆ.

ಪೆನ್‌ಡ್ರೈವ್ ಕೂಡ ಹಾಗೆಯೇ. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಕೊಟ್ಟ ಪೆನ್‌ಡ್ರೈವ್ ದಿನಕ್ಕೆ ನೂರು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಂಡ ಕಂಪ್ಯೂಟರನ್ನು ಮುಟ್ಟಿ ಬಂದಿರುತ್ತದೆ. ಅದನ್ನು ಮನೆಯಲ್ಲಿ ಚುಚ್ಚಿದಾಗ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡರೆ ಡಬಲ್ ಕ್ಲಿಕ್ ಮಾಡಬೇಡಿ, ಬಲ ಗುಂಡಿ ಒತ್ತಿ ಸ್ಕ್ಯಾನ್ ಮಾಡಿ. ಪ್ರಿಂಟಿಗೆಂದೇ ಬೇರೊಂದು ಸಣ್ಣ ಪೆನ್‌ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಆ ಹೊತ್ತಿಗೆ ಬೇಕಾದ ಕಾಗದ ಮಾತ್ರ ಇರಲಿ. ಆಧಾರ್ ಪ್ರತಿಯನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಇಳಿಸಿದ್ದರೆ ಅಳಿಸಿಯೇ ಬನ್ನಿ. ಹೆಚ್ಚಿನ ಕಡೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಸಾಕಾಗುತ್ತದೆ, ಅದು ಆಧಾರ್ ತಾಣದಲ್ಲೇ ಸಿಗುತ್ತದೆ. ಲ್ಯಾಪ್‌ಟಾಪ್ ರಿಪೇರಿಗೆ ಕೊಡುವಾಗಲೂ ಇದೇ ಎಚ್ಚರ ಬೇಕು. ಮನೆಯವರ ಫೋಟೋಗಳನ್ನು ಬೇರೆ ಡಿಸ್ಕಿಗೆ ಹಾಕಿ, ಅದರಿಂದ ತೆಗೆದ ಮೇಲೆಯೇ ಕೊಡಿ. ಕೀಬೋರ್ಡ್ ಬದಲಾಯಿಸುವವರಿಗೆ ನಿಮ್ಮ ಪಾಸ್‌ವರ್ಡ್ ಬೇಕಾಗಿಲ್ಲ.

ಪ್ರತಿ ಇಟ್ಟುಕೊಳ್ಳುವುದು, ಅಂದರೆ ಬ್ಯಾಕಪ್, ಎಲ್ಲಕ್ಕಿಂತ ಮುಖ್ಯ. ಆಂಟಿವೈರಸ್ ಸೋತರೂ, ಡಿಸ್ಕ್ ಕೆಟ್ಟರೂ, ಸಿಡಿಲು ಬಡಿದು ಕಂಪ್ಯೂಟರ್ ಸುಟ್ಟರೂ ಕಾಪಾಡುವುದು ಅದೊಂದೇ. ಆಂಟಿವೈರಸ್‌ಗೆ ಇಡಬೇಕೆಂದಿದ್ದ ಹಣದಲ್ಲಿ ಹೊರಗಿನಿಂದ ಜೋಡಿಸುವ ಒಂದು ಹಾರ್ಡ್‌ಡಿಸ್ಕ್ ಕೊಳ್ಳಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ತಿಂಗಳಿಗೊಮ್ಮೆ ದಾಖಲೆ, ಫೋಟೋಗಳನ್ನು ಅದಕ್ಕೆ ನಕಲು ಮಾಡಿ, ಕೂಡಲೇ ತಂತಿ ಕಳಚಿ ಕಪಾಟಿನಲ್ಲಿಡಿ. ತಂತಿ ಕಳಚದೆ ಬಿಟ್ಟರೆ ಬೀಗ ಹಾಕುವ ವೈರಸ್ ಅದಕ್ಕೂ ಬೀಗ ಹಾಕುತ್ತದೆ. ಅತ್ಯಂತ ಬೇಕಾದ ಹತ್ತಿಪ್ಪತ್ತು ಕಾಗದಗಳ ಇನ್ನೊಂದು ಪ್ರತಿ ಮನೆಯಿಂದ ಹೊರಗೆ, ನಂಬಿಕಸ್ತ ಸಂಬಂಧಿಕರ ಮನೆಯಲ್ಲೋ ಆನ್‌ಲೈನ್ ಸಂಗ್ರಹದಲ್ಲೋ ಇರಲಿ. ನೆರೆ ಬರುವ ಊರಿನವರು ಇದನ್ನು ಮರೆಯಬಾರದು.

ಈಗ ಫೋನಿನಲ್ಲಿ ಬರುವ ಕಳ್ಳನ ವಿಷಯ. ಕಂಪ್ಯೂಟರಿನಲ್ಲಿ ಏನೋ ನೋಡುತ್ತಿರುವಾಗ ಪರದೆ ತುಂಬ ಕೆಂಪು ಎಚ್ಚರಿಕೆ ಬರುತ್ತದೆ, ಸೈರನ್ ಕೂಗುತ್ತದೆ: ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ. ಅದು ಎಚ್ಚರಿಕೆಯಲ್ಲ, ಒಂದು ವೆಬ್‌ಪುಟ ಅಷ್ಟೇ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಬ್ರೌಸರನ್ನು ಮುಚ್ಚಿದರೆ ಸೈರನ್ನೂ ನಿಲ್ಲುತ್ತದೆ. ಕರೆ ಮಾಡಿದರೆ ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತನಾಡಿ, ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಕೊಳ್ಳಲು ಹೇಳುತ್ತಾನೆ. ಇವು ಕಳ್ಳ ಸಾಫ್ಟ್‌ವೇರ್‌ಗಳಲ್ಲ, ದೂರದಿಂದ ಕಂಪ್ಯೂಟರ್ ರಿಪೇರಿ ಮಾಡಲು ಬಳಸುವಂಥವು. ಅದಕ್ಕೇ ಯಾವ ಆಂಟಿವೈರಸ್ಸೂ ಕೂಗಿಕೊಳ್ಳುವುದಿಲ್ಲ. ಆದರೆ ಅದರಲ್ಲಿ ಬರುವ ಅಂಕೆಗಳನ್ನು ನೀವು ಓದಿ ಹೇಳಿದ ಕ್ಷಣ, ಇಲಿ ನಿಮ್ಮ ಕೈಯಲ್ಲಿದ್ದರೂ ಪರದೆಯ ಮೇಲೆ ಬಾಣ ನಡೆಸುವವನು ಅವನು. ಎನಿಡೆಸ್ಕ್ ಮೂಲಕ ನಡೆಯುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಮಕ್ಕಳು ಗಲ್ಫಿನಲ್ಲಿದ್ದು ಮನೆಯಲ್ಲಿ ವೃದ್ಧರಷ್ಟೇ ಇರುವ ಕಡೆ ಈ ಮಾತನ್ನು ಕಂಪ್ಯೂಟರಿನ ಮೇಲೆ ಚೀಟಿ ಅಂಟಿಸಿ ಬರೆದಿಡಿ: ಫೋನಿನಲ್ಲಿ ಯಾರು ಹೇಳಿದರೂ ಏನನ್ನೂ ಹಾಕಬೇಡಿ, ಮೊದಲು ಮಗನಿಗೆ ಕರೆ ಮಾಡಿ.

ಹಣ ಹೋದರೆ ನಾಚಿಕೊಂಡು ಕೂರಬಾರದು. ನಿಮಿಷಗಳ ಲೆಕ್ಕ ಅದು. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಖಾತೆ ತಡೆಹಿಡಿಸಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ಬರೆಯಬಹುದು. ನಮ್ಮ ರಾಜ್ಯದಲ್ಲಿ ಜಿಲ್ಲೆಗಳಲ್ಲಿ ಸೆನ್ ಪೊಲೀಸ್ ಠಾಣೆಗಳಿವೆ, ಸೈಬರ್ ದೂರುಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಬ್ಯಾಂಕಿನದ್ದೂ ನಿಮ್ಮದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ನೀವು ತಿಳಿಸಿದರೆ ನಷ್ಟ ನಿಮ್ಮದಲ್ಲ. ಒಟಿಪಿ, ಪಾಸ್‌ವರ್ಡನ್ನು ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದ್ದು. ಎರಡೂ ಸಂದರ್ಭದಲ್ಲಿ ತಡಮಾಡಿದಷ್ಟೂ ನಷ್ಟ.

ಪಾಸ್‌ವರ್ಡ್ ಬಗ್ಗೆ ಎಲ್ಲರೂ ಉಪದೇಶ ಕೇಳಿದ್ದೀರಿ, ನಾನು ಎರಡೇ ಮಾತು ಸೇರಿಸುತ್ತೇನೆ. ನಮ್ಮವರ ಪಾಸ್‌ವರ್ಡಿನ ಕೊನೆಯಲ್ಲಿ 786 ಇರುತ್ತದೆ ಎಂಬುದು ಕಳ್ಳನಿಗೂ ಗೊತ್ತು. ಮಗನ ಹೆಸರು, ಅದರ ಮುಂದೆ 786, ಇದು ಬೀಗವಲ್ಲ. ಮನೆಯವರಿಗೆ ಮಾತ್ರ ಅರ್ಥವಾಗುವ ನಾಲ್ಕೈದು ಪದಗಳ ಉದ್ದನೆಯ ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಬ್ಯಾರಿಯಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ ಆಗಬಹುದು. ಮತ್ತು ಇಮೇಲಿನ ಪಾಸ್‌ವರ್ಡನ್ನು ಬೇರೆಲ್ಲೂ ಬಳಸಬೇಡಿ, ಅದಕ್ಕೆ ಎರಡು ಹಂತದ ಪರಿಶೀಲನೆ ಇರಲಿ. ಬೇರೆಲ್ಲ ಖಾತೆಗಳ ಕೀಲಿಗೊಂಚಲು ಅಲ್ಲೇ ನೇತುಹಾಕಿರುವುದು. ವೈಫೈ ಪೆಟ್ಟಿಗೆಯ ಅಡ್ಮಿನ್ ಪಾಸ್‌ವರ್ಡನ್ನೂ ಬದಲಾಯಿಸಿ. ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆಯುವವರು ಫೋನಿನ 'ಲಿಂಕ್ಡ್ ಡಿವೈಸಸ್' ಪಟ್ಟಿಯನ್ನು ಆಗಾಗ ನೋಡಿ, ಗೊತ್ತಿಲ್ಲದ್ದನ್ನು ತೆಗೆಯಿರಿ.

ಮಕ್ಕಳಿರುವ ಮನೆಯವರು ಕೇಳುವ ಇನ್ನೊಂದು ಪ್ರಶ್ನೆಗೆ ಸುಲಭದ ಉತ್ತರವಿದೆ. ವೈಫೈ ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಎಂಬಲ್ಲಿ 1.1.1.3 ಎಂದು ಹಾಕಿದರೆ, ಕ್ಲೌಡ್‌ಫ್ಲೇರ್ ಕಂಪೆನಿಯ ಉಚಿತ ಸೇವೆ ವೈರಸ್ ತಾಣಗಳನ್ನೂ ಅಶ್ಲೀಲ ತಾಣಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕಂಪ್ಯೂಟರನ್ನು ಮಲಗುವ ಕೋಣೆಯಲ್ಲಿಡದೆ ಎಲ್ಲರೂ ಓಡಾಡುವ ಜಾಗದಲ್ಲಿಡುವುದು ಅದಕ್ಕಿಂತಲೂ ಸುಲಭ.

ಇಷ್ಟಾಗಿಯೂ ವೈರಸ್ ಬಂದರೆ? ಮೊದಲು ವೈಫೈ ಕಡಿಯಿರಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೊಂದು ಶುದ್ಧ ಸಾಧನದಿಂದ ಬದಲಾಯಿಸಿ, ಎಲ್ಲ ಕಡೆಯಿಂದ ಲಾಗೌಟ್ ಆಗುವ ಗುಂಡಿಯನ್ನೂ ಒತ್ತಿ. ವಿಂಡೋಸ್ ಸೆಕ್ಯುರಿಟಿಯಲ್ಲಿ 'ಆಫ್‌ಲೈನ್ ಸ್ಕ್ಯಾನ್' ಎಂಬುದಿದೆ, ಅದನ್ನು ನಡೆಸಿ. ಕೇಂದ್ರ ಸರಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ವೈರಸ್ ತೆಗೆಯುವ ಉಚಿತ ಸಾಧನಗಳು ಸಿಗುತ್ತವೆ. ಫೈಲುಗಳಿಗೆ ಬೀಗ ಬಿದ್ದಿದ್ದರೆ ಒತ್ತೆಹಣ ಕೊಡಬೇಡಿ, ಕೊಟ್ಟವರಿಗೆಲ್ಲ ಕೀಲಿ ಸಿಕ್ಕಿಲ್ಲ. ಯುರೋಪಿನ ಪೊಲೀಸರು ಮತ್ತು ಭದ್ರತಾ ಕಂಪೆನಿಗಳು ಸೇರಿ 2016ರಿಂದ ನಡೆಸುತ್ತಿರುವ 'ನೋ ಮೋರ್ ರಾನ್ಸಮ್' ತಾಣದಲ್ಲಿ ಬೀಗ ಬಿದ್ದ ಒಂದು ಫೈಲನ್ನು ಕೊಟ್ಟರೆ, ಅದಕ್ಕೆ ಕೀಲಿ ಇದೆಯೇ ಎಂದು ಉಚಿತವಾಗಿ ಹುಡುಕಿ ಹೇಳುತ್ತಾರೆ. ಇಂದು ಇಲ್ಲವೆಂದರೆ ಆ ಫೈಲುಗಳನ್ನು ಅಳಿಸಬೇಡಿ. ಹಾಗೆಯೇ ಒಂದು ಡಿಸ್ಕಿಗೆ ಹಾಕಿ, ಮೇಲೆ ತಾರೀಕು ಬರೆದು ಎತ್ತಿಡಿ. 'ಸ್ಟಾಪ್' ವೈರಸ್‌ನ ಹಲವು ಹಳೆಯ ಬಗೆಗಳಿಗೆ 2019ರಲ್ಲಿ ಉಚಿತ ಕೀಲಿ ಬಂದಾಗ, ಫೈಲುಗಳನ್ನು ಎತ್ತಿಟ್ಟಿದ್ದವರಿಗಷ್ಟೇ ಅವು ತೆರೆದವು.